ಚಾರ್ ಸಿಯು ಒಣಗುತ್ತಿದ್ದರೆ ಮೊದಲು ಮಾಂಸ ಬದಲಿಸಿ

ಬೆನ್ನಿನ ಭಾಗದ ಹಂದಿಮಾಂಸ ಬಳಸಿದ್ದೀರಿ, ಚಾರ್ ಸಿಯು (ಸಿಹಿ ಮಸಾಲೆಯಲ್ಲಿ ನೆನೆಸಿ ಸುಡುವ ದಕ್ಷಿಣ ಚೀನಾದ ಹಂದಿಮಾಂಸ) ಒಣಗಿ ಕಂದಾಗುತ್ತದೆ, ಅಂಗಡಿಯ ಕೆಂಪೂ ಹೊಳಪೂ ಬರುವುದಿಲ್ಲ ಎಂದಿದ್ದೀರಿ. ತಪ್ಪು ಓವನ್ನಿನದಲ್ಲ, ಮಾಂಸದ್ದು. ಕೊಬ್ಬಿನ ಎಳೆಗಳಿರುವ ಭುಜದ ಮಾಂಸ ತನ್ನಿ. ಹಾಂಗ್‌ಕಾಂಗ್‌ನಲ್ಲಿ ಗಿರಾಕಿಗಳು ‘ಅರ್ಧ ಕೊಬ್ಬು, ಅರ್ಧ ಮಾಂಸ’ ಎಂದೇ ಕೇಳುತ್ತಾರೆ, ಅವರಿಗೆ ಗೊತ್ತಿದೆ!

ನಿಮ್ಮ ಮಸಾಲೆಯಲ್ಲಿ ಹೊಯ್ಸಿನ್ (ಚೀನಾದ ಗಟ್ಟಿ ಸಿಹಿ ಸಾಸ್), ಸೋಯಾ ಸಾಸ್, ಸಕ್ಕರೆ, ಪಂಚಮಸಾಲೆ ಪುಡಿ ಎಲ್ಲವೂ ಇವೆ. ಇಲ್ಲದಿರುವುದು ಹುದುಗಿಸಿದ ಕೆಂಪು ತೋಫು, ಅಂದರೆ ಸೋಯಾ ಹಾಲಿನ ಪನೀರು. ಕೆಂಪು ಯೀಸ್ಟ್ ಅಕ್ಕಿಯಿಂದ (ಕೆಂಪು ಬೂಷ್ಟು ಬೆಳೆಸಿದ ಅಕ್ಕಿ) ಅದಕ್ಕೆ ಬಣ್ಣ ಬರುತ್ತದೆ. ಕಿಲೋ ಮಾಂಸಕ್ಕೆ ಎರಡು ತುಂಡು ಕಿವುಚಿ ಸೇರಿಸಿ, ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಅಂಗಡಿಯ ಕಡುಗೆಂಪು ಬಹುಪಾಲು ಕೃತಕ ಬಣ್ಣದ್ದು, ಅದರ ಹಿಂದೆ ಬೀಳಬೇಡಿ.

ಮಾಂಸವನ್ನು ಉದ್ದನೆಯ ಪಟ್ಟಿಗಳಾಗಿ ಕತ್ತರಿಸಿ ತಂತಿಜಾಲರಿಯ ಮೇಲಿಡಿ. ಕೆಳಗಿನ ತಟ್ಟೆಯಲ್ಲಿ ನೀರಿದ್ದರೆ ತೊಟ್ಟಿಕ್ಕುವ ಸಕ್ಕರೆ ಕರಕಲಾಗುವುದಿಲ್ಲ. 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಅರ್ಧ ಗಂಟೆ, ನಡುವೆ ಒಮ್ಮೆ ತಿರುವಿ ಹಾಕಿ. ಜೇನುತುಪ್ಪವನ್ನು ಮೊದಲೇ ಸವರಿದರೆ ಸೀದುಹೋಗುತ್ತದೆ. ಕೊನೆಯ ಹತ್ತು ನಿಮಿಷದಲ್ಲಿ ಎರಡು ಬಾರಿ ಸವರಿ, ಶಾಖ ಹೆಚ್ಚಿಸಿ, ಅಂಚು ತುಸು ಕಪ್ಪಾಗಲಿ. ಮಾಲ್ಟೋಸ್ (ಧಾನ್ಯದಿಂದ ಮಾಡುವ ಅಂಟಾದ ಸಿಹಿಪಾಕ) ಸಿಕ್ಕರೆ ಬಿಸಿನೀರಿನಲ್ಲಿ ಕರಗಿಸಿ ಬಳಸಿ, ಹೊಳಪು ಇನ್ನೂ ಚೆನ್ನ.

ಉಳಿದ ಮಸಾಲೆ ಹಸಿಮಾಂಸ ನೆನೆದದ್ದು, ಚೆನ್ನಾಗಿ ಕುದಿಸದೆ ಅನ್ನದ ಮೇಲೆ ಸುರಿಯಬೇಡಿ.