ಪ್ರತಿಕ್ರಿಯೆ: ಸಭಾಪಾಲಕರಿಗೆ ನಿದ್ದೆಯಿಲ್ಲ, ಯಾರ ಬಳಿ ಹೋಗಬೇಕು?

ಅಕ್ಕ, ಡೊಂಬಿವಲಿಯಲ್ಲಿ ಕನ್ನಡ ಕ್ರೈಸ್ತ ಸಭೆ ನೋಡಿಕೊಳ್ಳುವ ನಿಮ್ಮ ಯಜಮಾನರಿಗೆ ತಿಂಗಳುಗಳಿಂದ ನಿದ್ದೆಯಿಲ್ಲ, ಮೇಲಿನವರಿಗೆ ಹೇಳಿದರೆ ವರ್ಗಾವಣೆ, ಸಭೆಯವರಿಗೆ ಹೇಳಿದರೆ ಊರೆಲ್ಲ ಸುದ್ದಿ ಎಂದು ಬರೆದಿದ್ದೀರಿ. ಹೆದರಿಕೆ ಸುಳ್ಳಲ್ಲ. ಆದ್ದರಿಂದ ಅವರ ವರ್ಗಾವಣೆಗೆ ಸಹಿ ಹಾಕುವವರ ಮುಂದೆ ಮನಸ್ಸು ಬಿಚ್ಚುವುದು ಬೇಡ. ಸಭೆಗೆ ಸಂಬಂಧವಿಲ್ಲದ ವೃತ್ತಿಪರರನ್ನೇ ಹುಡುಕಿ. ಸಂಸ್ಥೆಯೇ ಶುಲ್ಕ ಕೊಡುವುದಾದರೆ ವರದಿ ಯಾರಿಗೆ ಹೋಗುತ್ತದೆ ಎಂದು ಮೊದಲ ದಿನವೇ ಕೇಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೆಯ ಕಲಮಿನಂತೆ ಚಿಕಿತ್ಸೆಯ ವಿವರ ಗೋಪ್ಯ. ಜೀವಕ್ಕೆ ಅಪಾಯವಿರುವಂಥ ಕೆಲವು ಸಂದರ್ಭಗಳಷ್ಟೇ ಹೊರತು.

ಮಾತಿನ ಮೂಲಕ ಚಿಕಿತ್ಸೆ ಕೊಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ನೋಡಿ. ಮಾತ್ರೆ ಬೇಕಾದರೆ ಮನೋವೈದ್ಯರು. ಥೈರಾಯ್ಡ್, ರಕ್ತದೊತ್ತಡದ ಪರೀಕ್ಷೆಯೂ ಆಗಲಿ. ಕನ್ನಡದಲ್ಲೇ ಮಾತನಾಡಬೇಕೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಉಚಿತ, ಹಗಲೂ ರಾತ್ರಿಯೂ ಇರುತ್ತದೆ. ಸಾಯುವ ಮಾತು ಬಂದರೆ ಕಾಯಬೇಡಿ, ಆ ಕ್ಷಣವೇ ಹತ್ತಿರದ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.

ನೀವು ಕೇಳದ ಒಂದು ಮಾತು: ಸಭೆಯ ಎಲ್ಲರಿಗೂ ಪಾಸ್ಟರ್ ಇದ್ದಾರೆ, ನಿಮಗಿಲ್ಲ, ನಿಮ್ಮ ಪಾಸ್ಟರ್ ನಿಮ್ಮ ಗಂಡನೇ. ನೀವೂ ಬೇರೆ ಆಪ್ತಸಮಾಲೋಚಕರನ್ನು ನೋಡಿ, ಗಂಡನ ಜೊತೆಗಲ್ಲ, ಒಬ್ಬರೇ. ಸಭೆಯವರು ನಿಮ್ಮ ಮಗಳನ್ನು 'ಅಯ್ಯನವರ (ಪಾಸ್ಟರ್) ಮಗಳು' ಎಂದು ಅಳೆಯುವುದನ್ನು ತಡೆಯಲು ನಿಮಗೂ ಬಲ ಬೇಕು. 'ಇನ್ನಷ್ಟು ಪ್ರಾರ್ಥಿಸಿ' ಎನ್ನುವವರಿಗೆ ಹೂಂ ಎಂದುಬಿಡಿ, ವಾದ ಬೇಡ. ಭಾನುವಾರದ ದಣಿವಿನ ಮರುದಿನವೇ ಭೇಟಿ ಗೊತ್ತುಮಾಡಿ. ಸೋಮವಾರ ಅವರ ಮೊಬೈಲ್ ನಿಮ್ಮ ಕೈಯಲ್ಲಿರಲಿ.