ಸುಮ್ಮನಿದ್ದ ಬ್ಯಾಕ್ಟೀರಿಯಾ ಕೆರಳಿದ್ದೇಕೆ?

ಪ್ರಶ್ನೆ: ಮೇಡಂ, ನಮ್ಮ ತಂದೆಗೆ ಹಲ್ಲಿನ ಸೋಂಕಿಗೆಂದು ಆಂಟಿಬಯಾಟಿಕ್ ಕೊಟ್ಟಿದ್ದರು. ಅದು ಮುಗಿಯುತ್ತಿದ್ದಂತೆ ವಿಪರೀತ ಭೇದಿ ಶುರುವಾಯಿತು. ಪರೀಕ್ಷೆಯಲ್ಲಿ ‘ಸಿ. ಡಿಫಿಸೈಲ್’ ಅಂತ ಬಂತು. ಆರೋಗ್ಯವಾಗಿರುವ ಕೆಲವರ ಕರುಳಿನಲ್ಲೂ ಇದು ಇರುತ್ತದಂತೆ. ಅಲ್ಲಿ ತೆಪ್ಪಗಿರುವುದು ಇಲ್ಲಿ ಯಾಕೆ ಕೆರಳಿತು?

ಉತ್ತರ: ಭೇದಿ ತರುವುದು ಈ ಬ್ಯಾಕ್ಟೀರಿಯಾ ಬಿಡುವ ವಿಷ. ಆ ವಿಷದ ಜೀನ್ ಇಲ್ಲದ ತಳಿಗಳೂ ಇವೆ. ಅವನ್ನು ಬಿಡೋಣ. ಜೀನ್ ಇದ್ದೂ ತೆಪ್ಪಗಿರುವವುಗಳ ಕಥೆ ಸ್ವಾರಸ್ಯವಾಗಿದೆ.

ಈ ಬ್ಯಾಕ್ಟೀರಿಯಾ ನಮ್ಮೊಳಗೆ ಹೊಕ್ಕುವುದು ಸ್ಪೋರ್ ರೂಪದಲ್ಲಿ, ಗಟ್ಟಿ ಕವಚ ತೊಟ್ಟು, ನಿದ್ದೆಯಲ್ಲಿ. ಅದನ್ನು ಎಬ್ಬಿಸುವುದು ನಮ್ಮದೇ ಪಿತ್ತರಸದ ಟಾರೊಕೋಲೇಟ್. ಆದರೆ ಕರುಳಿನ ಕೆಲವೇ ಕೆಲವು ಒಳ್ಳೆಯ ಬ್ಯಾಕ್ಟೀರಿಯಾಗಳು ಪಿತ್ತದ ಆಮ್ಲಗಳನ್ನು ಡಿಆಕ್ಸಿಕೋಲೇಟ್ ಆಗಿ ಬದಲಿಸುತ್ತವೆ. ಡಿಆಕ್ಸಿಕೋಲೇಟ್ ಇದ್ದಲ್ಲಿ, ಎದ್ದ ಸಿ. ಡಿಫಿಸೈಲ್ ಬೆಳೆಯಲು ಪರದಾಡುತ್ತದೆ. ಆಂಟಿಬಯಾಟಿಕ್ ಆ ಒಳ್ಳೆಯವನ್ನೂ ಕೊಂದಿರುತ್ತದೆ. ಎಬ್ಬಿಸುವ ಅಣು ಉಳಿಯಿತು, ತಡೆಯುವ ಅಣು ಹೋಯಿತು.

ಇನ್ನು ವಿಷದ ಮಾತು. ನಾನು ಪಾಠ ಮಾಡುವಾಗ ಸಿಟ್ಟು, ಸೇಡು ಅನ್ನುವ ಪದಗಳನ್ನು ಬ್ಯಾಕ್ಟೀರಿಯಾಕ್ಕೆ ಹಚ್ಚಲು ಬಿಡುವುದಿಲ್ಲ. ಇಲ್ಲಿ ನಡೆಯುವುದು ಹೊಟ್ಟೆಪಾಡು. ಲ್ಯಾಬಿನಲ್ಲಿ ಪೋಷಕಾಂಶ ತುಂಬಿದ ದ್ರವದಲ್ಲಿ ಇದನ್ನು ಬೆಳೆಸಿದರೆ ಮೊದಲ ಗಂಟೆಗಳಲ್ಲಿ ವಿಷ ಸಿಗುವುದೇ ಅಪರೂಪ. ಆಹಾರ ಖಾಲಿಯಾಗುತ್ತಾ ಬಂದಂತೆ ವಿಷ ಏರುತ್ತದೆ. ಕೋಶದೊಳಗೆ ‘ಕೋಡ್‌ವೈ’ ಎಂಬ ಪ್ರೋಟೀನ್ ಇದೆ. ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಎಂಬ ಅಮೈನೊ ಆಮ್ಲಗಳು ಸಾಕಷ್ಟಿದ್ದರೆ ಅವು ಇದಕ್ಕೆ ಅಂಟಿಕೊಳ್ಳುತ್ತವೆ. ಆಗ ಅದು ವಿಷದ ಜೀನ್‌ಗಳನ್ನು ಅದುಮಿ ಹಿಡಿಯುತ್ತದೆ. ಅಮೈನೊ ಆಮ್ಲ ಕಡಿಮೆಯಾಯಿತೋ, ಹಿಡಿತ ಸಡಿಲ. ಕೋಡ್‌ವೈ ಜೀನನ್ನೇ ಕಿತ್ತುಹಾಕಿದ ತಳಿಯಲ್ಲಿ, ಊಟ ಯಥೇಚ್ಛವಾಗಿದ್ದರೂ ವಿಷ ಬರುತ್ತದೆ! ವಿಷ ಕರುಳಿನ ಒಳಪದರವನ್ನು ಒಡೆದರೆ ಅಲ್ಲಿಂದ ಮತ್ತೆ ಆಹಾರ ಸಿಗುತ್ತದೆ ಅಲ್ವಾ? ಲೆಕ್ಕ ಅಷ್ಟೇ.

ಬೆಳೆಸಿದ ಬಾಟಲಿಯ ಮುಚ್ಚಳ ತೆಗೆದರೆ ಕುದುರೆ ಲಾಯದ ವಾಸನೆ ಮೂಗಿಗೆ ರಪ್ಪನೆ ಬಡಿಯುತ್ತದೆ. ಹೊಸ ವಿದ್ಯಾರ್ಥಿಗಳು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಆ ವಾಸನೆಯಲ್ಲಿ ಪ್ಯಾರಾ-ಕ್ರೆಸಾಲ್ ಇದೆ. ಟೈರೊಸಿನ್ ಎಂಬ ಅಮೈನೊ ಆಮ್ಲದಿಂದ ಇದೇ ಬ್ಯಾಕ್ಟೀರಿಯಾ ತಯಾರಿಸುವ ವಸ್ತು ಅದು. ಪಕ್ಕದಲ್ಲಿರುವ ಬೇರೆ ಬ್ಯಾಕ್ಟೀರಿಯಾಗಳಿಗೆ ಅದು ಆಗಿಬರುವುದಿಲ್ಲ. ಅಂದರೆ ನಮ್ಮ ಅಣುಗಳನ್ನು ಓದಿಕೊಂಡು ಸುಮ್ಮನಿರುವ ಜೀವಿ ಅಲ್ಲ ಇದು, ತನ್ನದನ್ನೂ ಹೊರಗೆ ಬಿಟ್ಟು ಜಾಗ ಮಾಡಿಕೊಳ್ಳುತ್ತದೆ.

ಬೇರೆ ರೋಗಾಣುಗಳದ್ದೂ ಹೀಗೇ. ಡಿಫ್ತೀರಿಯಾ ಬ್ಯಾಕ್ಟೀರಿಯಾ ಕಬ್ಬಿಣ ಸಾಲದಾದಾಗ ವಿಷ ಮಾಡುತ್ತದೆ. ಸಾಲ್ಮೊನೆಲ್ಲಾದಲ್ಲಿ ಕರುಳಿನ ಕೋಶಕ್ಕೆ ನುಗ್ಗುವ ಜೀನ್‌ಗಳನ್ನು, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳು ತಯಾರಿಸುವ ಬ್ಯುಟಿರೇಟ್ ಎಂಬ ಅಣು ಅಡಗಿಸುತ್ತದೆ.

ಪ್ರಶ್ನೆ: ಗ್ಲೂಕೋಸ್ ಕೊಟ್ಟರೆ ಇದರ ವಿಷ ಕಡಿಮೆಯಾಗುತ್ತದೆ ಎಂದು ಓದಿದೆ. ಹಾಗಾದರೆ ಭೇದಿಯಾದಾಗ ಸಕ್ಕರೆ ಜಾಸ್ತಿ ತಿನ್ನಬಹುದೇ?

ಉತ್ತರ: ಬೇಡ. ನೀವು ಓದಿದ್ದು ಲ್ಯಾಬಿನ ಮಟ್ಟಿಗೆ ನಿಜ. ಆದರೆ ನಾವು ತಿಂದ ಗ್ಲೂಕೋಸನ್ನು ಸಣ್ಣ ಕರುಳೇ ಹೀರಿಕೊಂಡುಬಿಡುತ್ತದೆ. ಈ ಬ್ಯಾಕ್ಟೀರಿಯಾ ಕೂತಿರುವುದು ದೊಡ್ಡ ಕರುಳಿನಲ್ಲಿ. ಓಆರ್‌ಎಸ್‌ನಲ್ಲಿರುವ ಗ್ಲೂಕೋಸ್ ಮಾತ್ರ ಬೇರೆ ಕೆಲಸಕ್ಕೆ: ಸಣ್ಣ ಕರುಳಿನಲ್ಲಿ ಉಪ್ಪನ್ನೂ ಅದರ ಜೊತೆ ನೀರನ್ನೂ ಒಳಗೆ ಎಳೆದುಕೊಳ್ಳಲು. ಅದನ್ನು ಅಳತೆ ತಪ್ಪದೆ ಕುಡಿಸಿ. ಭೇದಿ ನಿಲ್ಲಿಸುವ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಕೊಡಬೇಡಿ.