ಬರ್ಮಾದ ರವಾಂಗ್ ಜನ ಯಾರು? ಅವರು ಕ್ರೈಸ್ತರಾದದ್ದು ಹೇಗೆ?

ಸಿಂಗಪುರದ ನಿಮ್ಮ ಆಫೀಸಿಗೆ ಮ್ಯಾನ್ಮಾರ್‌ನಿಂದ ಒಬ್ಬರು ಹೊಸದಾಗಿ ಸೇರಿದ್ದಾರೆ, ‘ನಾನು ರವಾಂಗ್’ ಅಂದರು, ಭಾನುವಾರ ಏನೇ ಕೆಲಸ ಇದ್ದರೂ ಚರ್ಚ್ ತಪ್ಪಿಸುವುದಿಲ್ಲ ಅಂತ ಬರೆದಿದ್ದೀರಿ. ಬರ್ಮಾದವರೆಂದರೆ ಬೌದ್ಧರು ಅಲ್ವಾ, ಇವರು ಯಾರು, ಯಾರಾದರೂ ದುಡ್ಡು ಕೊಟ್ಟು ಮತ ಬದಲಿಸಿದರಾ ಅಂತಲೂ ಕೇಳಿದ್ದೀರಿ.

ನಾನು ಕೆಲಸದ ಮೇಲೆ ಯಾಂಗೂನ್‌ನಲ್ಲಿ ಮೂರು ವರ್ಷ ಇದ್ದೆ. ನಮ್ಮ ಕೆಳಗಿನ ಮನೆಯಲ್ಲಿ ಒಂದು ರವಾಂಗ್ ಕುಟುಂಬ ಇತ್ತು. ಅಜ್ಜಿ, ಮಗಳು, ಅಳಿಯ, ಮೂರು ಮಕ್ಕಳು. ನನಗೆ ತಿಳಿದಿರುವುದರಲ್ಲಿ ಅರ್ಧ ಆ ಮನೆಯ ಅಡುಗೆಕೋಣೆಯಲ್ಲಿ ಕೂತು ಕೇಳಿದ್ದು, ಇನ್ನರ್ಧ ಅದರಿಂದ ಆಸೆ ಹುಟ್ಟಿ ಓದಿಕೊಂಡದ್ದು.

ಮೊದಲು ಅವರ ಊರು. ನಕಾಶೆಯಲ್ಲಿ ಮ್ಯಾನ್ಮಾರ್‌ನ ಉತ್ತರದ ತುದಿ ನೋಡಿ. ಒಂದು ಕಡೆ ನಮ್ಮ ಅರುಣಾಚಲ, ಇನ್ನೊಂದು ಕಡೆ ಚೀನಾದ ಯುನ್ನಾನ್, ಮೇಲೆ ಟಿಬೆಟ್. ಆ ಮೂಲೆಯಲ್ಲಿ ಕಚಿನ್ ರಾಜ್ಯದ ಪುತಾವೋ ಜಿಲ್ಲೆ ಇದೆ. 5,881 ಮೀಟರ್ ಎತ್ತರದ ಖಕಾಬೊ ರಾಜಿ ಶಿಖರ ಇರುವುದೂ ಅಲ್ಲೇ. ಅಲ್ಲಿನ ಹಿಮ ಕರಗಿ ಹರಿಯುವ ಮಲಿ ಮತ್ತು ಎನ್‌ಮಾಯ್ ನದಿಗಳು ಕೆಳಗೆ ಸೇರಿದ ಮೇಲೆ ಐರಾವತಿ ಅನ್ನಿಸಿಕೊಳ್ಳುತ್ತವೆ. ಎನ್‌ಮಾಯ್ ನದಿಯ ಮೇಲಿನ ಕಣಿವೆಗಳು ರವಾಂಗ್ ಜನರ ಹಳೆಯ ನೆಲೆ. ಮಳೆಗಾಲದಲ್ಲಿ ಪುತಾವೋಗೆ ಹೋಗುವ ರಸ್ತೆಯೇ ಮುಚ್ಚಿಹೋಗುತ್ತದೆ. ಅಲ್ಲಿಂದ ಮೇಲಿನ ಹಳ್ಳಿಗಳಿಗೆ ದಿನಗಟ್ಟಲೆ ನಡಿಗೆ. ಹೊಳೆ ದಾಟಲು ಬೆತ್ತದ ಸೇತುವೆ. ಅದೂ ಇಲ್ಲದ ಕಡೆ ಒಂದೇ ಹಗ್ಗ ಕಟ್ಟಿ, ಅದಕ್ಕೆ ನೇತುಬಿದ್ದು ಜಾರಿಕೊಂಡು ಹೋಗುತ್ತಿದ್ದರು. ಬೆನ್ನಿಗೆ ಮಗು ಕಟ್ಟಿಕೊಂಡೂ ಹಾಗೇ ದಾಟುತ್ತಿದ್ದರಂತೆ.

ಬೇಸಾಯ ಗುಡ್ಡದ ಮೇಲೆ. ಮಲೆನಾಡಿನಲ್ಲಿ ಹಿಂದೆ ಕುಮರಿ ಅನ್ನುತ್ತಿದ್ದರಲ್ಲ, ಅದೇ. ಕಾಡು ಕಡಿದು ಸುಟ್ಟು ಮೆಕ್ಕೆಜೋಳ, ಕಿರುಧಾನ್ಯ ಬಿತ್ತುವುದು, ನಾಲ್ಕಾರು ವರ್ಷಕ್ಕೆ ಜಾಗ ಬದಲಿಸುವುದು. ಇದರಲ್ಲಿ ಹೊಟ್ಟೆ ಹೇಗೋ ತುಂಬುತ್ತಿತ್ತು. ಉಪ್ಪು ಮಾತ್ರ ಸಿಗುತ್ತಿರಲಿಲ್ಲ. ಕೆಳಮನೆಯ ಅಜ್ಜಿ ಅಡುಗೆ ಮಾಡುವಾಗ ಒಮ್ಮೆ ಉಪ್ಪಿನ ಡಬ್ಬಿ ಕೈತಪ್ಪಿ ಬಿತ್ತು. ಅಜ್ಜಿ ಒಲೆ ಆರಿಸಿ, ನೆಲದ ಮೇಲೆ ಕೂತು, ಬೆರಳ ತುದಿಗೆ ಒಂದೊಂದೇ ಹರಳು ಅಂಟಿಸಿಕೊಂಡು ಡಬ್ಬಿಗೆ ಹಾಕುತ್ತಾ ಹೋದರು. ಅಂಗಡಿ ಎದುರಿಗೇ ಇತ್ತು. ‘ನಮ್ಮಪ್ಪ ಇದಕ್ಕಾಗಿ ಬೆಟ್ಟ ದಾಟಿ ಹೋಗುತ್ತಿದ್ದ’ ಅಂದರು, ಅಷ್ಟೇ. ಕಾಡಿನ ಔಷಧಿ ಗೆಡ್ಡೆ, ಪ್ರಾಣಿಗಳ ಚರ್ಮ ಹೊತ್ತು ಚೀನಾದ ವ್ಯಾಪಾರಿಗಳಿಗೆ ಕೊಟ್ಟು ಉಪ್ಪು ತರುವುದು ಆ ಕಡೆಯವರ ಬದುಕೇ ಆಗಿತ್ತು. ಅಯೋಡಿನ್ ಸಾಲದೆ ಕುತ್ತಿಗೆ ಊದಿಕೊಳ್ಳುವ ಗಳಗಂಡ ರೋಗವೂ ಅಲ್ಲಿ ಜಾಸ್ತಿ ಇತ್ತು.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ.

ರವಾಂಗ್ ಜನ ಹಿಂದೆ ಬೌದ್ಧರೂ ಆಗಿರಲಿಲ್ಲ. ಬೆಟ್ಟಕ್ಕೆ, ಹೊಳೆಗೆ, ಮರಕ್ಕೆ ಒಂದೊಂದು ಶಕ್ತಿ ಇದೆ ಅಂತ ನಂಬಿದ್ದವರು. ಮಗುವಿಗೆ ಜ್ವರ ಬಂದರೆ ಯಾವ ಶಕ್ತಿ ಮುನಿದಿದೆ ಅಂತ ಪೂಜಾರಿ ನೋಡುತ್ತಿದ್ದ. ಕೋಳಿ ಕೇಳಿದರೆ ಕೋಳಿ, ಹಂದಿ ಕೇಳಿದರೆ ಹಂದಿ. ಅಜ್ಜಿಯ ತಾಯಿ ಒಂದೇ ವರ್ಷದಲ್ಲಿ ಮನೆಯ ಪ್ರಾಣಿಗಳನ್ನೆಲ್ಲ ಹೀಗೆ ಕೊಟ್ಟು, ಸಾಲ ಮಾಡಿ ಇನ್ನೊಂದನ್ನು ತಂದು ಅದನ್ನೂ ಕೊಟ್ಟು, ಕೊನೆಗೆ ಮಗುವನ್ನೂ ಕಳೆದುಕೊಂಡರಂತೆ. ‘ರಕ್ತ ಬೇಡದ ದೇವರು ಇದ್ದಾನೆ ಅಂತ ಯಾರೋ ಹೇಳಿದರು. ನಮ್ಮಮ್ಮ ಅದನ್ನೇ ಮೊದಲು ಕೇಳಿಸಿಕೊಂಡದ್ದು’ ಅಂತ ಅಜ್ಜಿ ಹೇಳುತ್ತಿದ್ದರು. ಮತಾಂತರದ ಬಗ್ಗೆ ನಾನು ಓದಿದ್ದಕ್ಕಿಂತ ಈ ಮಾತು ನನಗೆ ಹೆಚ್ಚು ತಿಳಿಸಿತು.

ಹಾಗೆ ಹೇಳಿದವರು ಯಾರು? ಅಮೆರಿಕದ ರಸೆಲ್ ಮೋರ್ಸ್ ಮತ್ತು ಗರ್ಟ್ರೂಡ್ ಮೋರ್ಸ್ ಎಂಬ ಮಿಷನರಿ ದಂಪತಿ 1921ರಲ್ಲಿ ಟಿಬೆಟ್ ಗಡಿಗೆಂದು ಹೊರಟವರು. ಆಮೇಲೆ ಯುನ್ನಾನ್‌ನ ಸಾಲ್ವಿನ್ ಕಣಿವೆಯಲ್ಲಿ ಲಿಸು ಎಂಬ ಜನರ ನಡುವೆ ನೆಲೆ ನಿಂತರು. ರವಾಂಗ್ ಹಳ್ಳಿಗಳಿಗೆ ಸುವಾರ್ತೆ ತಲುಪಿಸಿದವರಲ್ಲಿ ಈ ಲಿಸು ವಿಶ್ವಾಸಿಗಳ ಪಾಲು ಬಹಳ ದೊಡ್ಡದು. ತಾವೇ ಹೊಸದಾಗಿ ನಂಬಿದವರು, ಬೆನ್ನ ಮೇಲೆ ಬುತ್ತಿ ಹೊತ್ತು, ಹಿಮದ ಕಣಿವೆ ದಾಟಿ ಬಂದವರು. ಬಂದವರ ಹತ್ತಿರ ಕೊಡಲು ದುಡ್ಡೂ ಇರಲಿಲ್ಲ.

ಚೀನಾದಲ್ಲಿ ಕಮ್ಯುನಿಸ್ಟ್ ಸರಕಾರ ಬಂದಾಗ ರಸೆಲ್ ಮೋರ್ಸ್ ಜೈಲು ಸೇರಿದರು. ಕುಟುಂಬ ಬರ್ಮಾ ಕಡೆಗೆ, ಪುತಾವೋಗೆ ಬಂತು. ಅವರ ಮಗ ರಾಬರ್ಟ್ ಮೋರ್ಸ್ ಅಲ್ಲಿ ಮಾಡಿದ ಕೆಲಸದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ರವಾಂಗ್ ಮಾತಿಗೆ ಲಿಪಿ ಇರಲಿಲ್ಲ. ಆ ಬೆಟ್ಟಗಳ ಬಹಳ ಬುಡಕಟ್ಟುಗಳಲ್ಲಿ ಒಂದು ಕತೆ ಇದೆ. ದೇವರು ಎಲ್ಲರಿಗೂ ಅಕ್ಷರ ಹಂಚುವಾಗ ನಮಗೆ ಚರ್ಮದ ಮೇಲೆ ಬರೆದುಕೊಟ್ಟ, ದಾರಿಯಲ್ಲಿ ಹಸಿವಾಗಿ ಅದನ್ನು ಸುಟ್ಟು ತಿಂದುಬಿಟ್ಟೆವು ಅಂತ. ರಾಬರ್ಟ್ ಈ ಜನರ ಜೊತೆ ಕೂತು ರೋಮನ್ ಅಕ್ಷರಗಳನ್ನು ಅವರ ನಾಲಿಗೆಗೆ ಹೊಂದಿಸಿದರು. ಹಳ್ಳಿಯಿಂದ ಹಳ್ಳಿಗೆ ಮಾತು ಬದಲಾಗುತ್ತಿದ್ದುದರಿಂದ ಮತ್ವಾಂಗ್ ಎಂಬ ಒಂದು ಬಗೆಯನ್ನು ಆಧಾರ ಮಾಡಿಕೊಂಡರು. ಬಾಯಿ ಪೂರ್ತಿ ತೆರೆಯದೆ ಹೇಳುವ ‘ಅ’ ಆ ಮಾತಿನಲ್ಲಿ ಹೆಜ್ಜೆಹೆಜ್ಜೆಗೂ ಬರುತ್ತದೆ. ಅದಕ್ಕೆ ಇಂಗ್ಲಿಷ್‌ನ ‘ವಿ’ ಅಕ್ಷರ ಇಟ್ಟರು. ಗಂಟಲಲ್ಲಿ ತಟ್ಟನೆ ನಿಲ್ಲುವ ಸದ್ದಿಗೆ ‘ಕ್ಯೂ’. ಕೆಳಮನೆಯ ಹುಡುಗ ನನಗೆ ಮೊಬೈಲಿನಲ್ಲಿ ತಮ್ಮ ಜನದ ಹೆಸರು ಟೈಪ್ ಮಾಡಿ ತೋರಿಸಿದ. ಆರ್ ಆದಮೇಲೆ ನೇರ ವಿ ಬಂತು. ತಪ್ಪು ಒತ್ತಿದ್ದಾನೆ ಅಂದುಕೊಂಡೆ. ‘ಇಲ್ಲ ಅಣ್ಣ, ಇದು ನಮ್ಮ ಅಕ್ಷರ’ ಅಂದ. ‘ನಮ್ಮ’ ಅನ್ನುವಾಗ ಅವನ ಮುಖ ನೋಡಬೇಕಿತ್ತು.

ಕನ್ನಡಿಗರಾದ ನಮಗೆ ಇದು ಸುಲಭವಾಗಿ ಹೊಳೆಯುವುದಿಲ್ಲ. 1894ರಲ್ಲಿ ಕಿಟ್ಟೆಲ್ ನಿಘಂಟು ಬರುವಾಗ ಕನ್ನಡಕ್ಕೆ ಸಾವಿರ ವರ್ಷಕ್ಕೂ ಹಳೆಯ ಬರವಣಿಗೆ ಇತ್ತು. ರವಾಂಗ್ ಜನರಿಗೆ ಅಕ್ಷರ ಮತ್ತು ಸತ್ಯವೇದ, ಅಂದರೆ ಬೈಬಲ್, ಒಟ್ಟಿಗೇ ಬಂದವು. ಅವರ ಭಾಷೆಯಲ್ಲಿ ಪೂರ್ತಿ ಸತ್ಯವೇದ ಅಚ್ಚಾದದ್ದು 1986ರಲ್ಲಿ. ನಂಬಿಕೆಯನ್ನೂ ಭಾಷೆಯನ್ನೂ ಅವರು ಬೇರೆ ಬೇರೆ ಮಾಡಿ ನೋಡದಿರುವುದಕ್ಕೆ ಇದೇ ಕಾರಣ ಅಂತ ನನ್ನ ತಿಳಿವಳಿಕೆ.

ದುಡ್ಡಿನ ಅನುಮಾನಕ್ಕೂ ಇಲ್ಲೇ ಉತ್ತರ ಇದೆ. 1962ರಲ್ಲಿ ಸೇನೆ ಅಧಿಕಾರ ಹಿಡಿಯಿತು, ಮಿಷನರಿಗಳನ್ನು ಹೊರಗೆ ಕಳಿಸಲು ಶುರು ಮಾಡಿತು. 1965ರ ಕೊನೆಗೆ ಮೋರ್ಸ್ ಕುಟುಂಬಕ್ಕೂ ಆದೇಶ ಬಂತು. ಅವರು ಭಾರತದ ಗಡಿ ಕಡೆಯ ಜನವಸತಿ ಇಲ್ಲದ ಕಣಿವೆಗೆ ಹೊರಟರು. ಸಾವಿರಾರು ಲಿಸು, ರವಾಂಗ್ ಜನ ಜೊತೆಗೆ ನಡೆದರು. ಕಾಡು ಕಡಿದು ಹೊಲ ಮಾಡಿಕೊಂಡು ಸುಮಾರು ಆರು ವರ್ಷ ಅಲ್ಲಿ ಬದುಕಿದರು. 1972ರಲ್ಲಿ ಸರಕಾರ ಆ ಕುಟುಂಬವನ್ನು ದೇಶದಿಂದ ಹೊರಗೆ ಕಳಿಸಿತು. ದುಡ್ಡಿಗಾಗಿ ಸೇರಿದವರಾಗಿದ್ದರೆ ಅಲ್ಲಿಗೇ ಮುಗಿಯಬೇಕಿತ್ತು, ಅಲ್ವಾ? ಹಳ್ಳಿಗಳಲ್ಲಿ ಅವರದ್ದೇ ಬೋಧಕರು, ಅವರೇ ಮರ ಕೊಯ್ದು ಕಟ್ಟಿದ ಚರ್ಚುಗಳು. ಇವತ್ತು ರವಾಂಗ್ ಜನರಲ್ಲಿ ಬಹುಪಾಲು ಕ್ರೈಸ್ತರು. ಚರ್ಚ್ ಆಫ್ ಕ್ರೈಸ್ಟ್, ಬ್ಯಾಪ್ಟಿಸ್ಟ್, ಅಸೆಂಬ್ಲೀಸ್ ಆಫ್ ಗಾಡ್ ಅಂತ ಸಭೆಗಳು ಬೇರೆ ಬೇರೆ. ಇಡೀ ದೇಶದಲ್ಲಿ ಕ್ರೈಸ್ತರು 2014ರ ಜನಗಣತಿ ಪ್ರಕಾರ 6.2 ಶೇಕಡ ಮಾತ್ರ.

ಕಳೆದುಕೊಂಡದ್ದೂ ಇದೆ. ಪೂಜಾರಿಗಳ ಜೊತೆ ಹಳೆಯ ಹಾಡುಗಳೂ ಹೋದವು ಅಂತ ಅಳಿಯ ಬೇಸರದಿಂದ ಹೇಳುತ್ತಿದ್ದರು. ಅಜ್ಜಿಗೆ ಆ ಬೇಸರ ಇರಲಿಲ್ಲ. ಇಬ್ಬರ ಮಾತೂ ನನಗೆ ನಿಜ ಅನ್ನಿಸಿತು.

ಆದರೆ ಹಾಡುವುದನ್ನು ಅವರು ಬಿಟ್ಟಿಲ್ಲ. ಡಿಸೆಂಬರ್ ಬಂತೆಂದರೆ ಸಂಜೆ ನಮ್ಮ ಮೆಟ್ಟಿಲ ಮೇಲೇ ಅಭ್ಯಾಸ. ಪೇಟಿ ಇಲ್ಲ, ಗಿಟಾರ್ ಇಲ್ಲ. ಕೆಳಗಿನ ಮೆಟ್ಟಿಲಲ್ಲಿ ಗಂಡಸರ ದಪ್ಪ ದನಿ, ನಡುವೆ ಹೆಂಗಸರು, ಮೇಲೆ ಮಕ್ಕಳು. ಒಂದು ದಿನ ಕರೆಂಟ್ ಹೋಯಿತು. ಯಾರೂ ನಿಲ್ಲಿಸಲಿಲ್ಲ. ಕತ್ತಲಲ್ಲಿ ದನಿಗಳು ಒಂದರ ಮೇಲೊಂದು ಏರುತ್ತಿದ್ದವು. ನಾನು ಬಾಗಿಲ ಬಳಿ ಕೂತೇ ಇದ್ದೆ, ಅನ್ನ ಹತ್ತಿಹೋದದ್ದು ಆಮೇಲೆ ಗೊತ್ತಾಯಿತು.

ನಿಮ್ಮ ಸಹೋದ್ಯೋಗಿಯ ಜೊತೆ ಮಾತಾಡುವಾಗ ಒಂದೆರಡು ವಿಷಯ ನೆನಪಿರಲಿ. ಸರಕಾರಿ ಪಟ್ಟಿಯಲ್ಲಿ ರವಾಂಗ್ ಅನ್ನು ಕಚಿನ್ ಎಂಬ ದೊಡ್ಡ ಜನಾಂಗದ ಒಳಗೇ ಸೇರಿಸುತ್ತಾರೆ. ಆದರೆ ಅವರೇ ‘ರವಾಂಗ್’ ಅಂದಮೇಲೆ ಹಾಗೇ ಕರೆಯಿರಿ. ಮನೆಯ ಸುದ್ದಿ ಕೇಳುವಾಗ ನಿಧಾನ. 2021ರಲ್ಲಿ ಸೇನೆ ಮತ್ತೆ ಅಧಿಕಾರ ಹಿಡಿದಾಗಿನಿಂದ ಕಚಿನ್ ಸೀಮೆಯಲ್ಲಿ ಕಾಳಗ ಜೋರಾಗಿದೆ. 2024ರಲ್ಲಿ ಸೇನೆಗೆ ಕಡ್ಡಾಯ ಭರ್ತಿ ಶುರುವಾದ ಮೇಲೆ ಎಷ್ಟೋ ಹುಡುಗ ಹುಡುಗಿಯರು ದೇಶ ಬಿಟ್ಟಿದ್ದಾರೆ. ಪಾರ್ಟಿಯಲ್ಲಿ ಬಿಯರ್ ಬೇಡ ಅಂದರೆ ಒತ್ತಾಯ ಮಾಡಬೇಡಿ, ಅವರ ಅನೇಕ ಸಭೆಗಳಲ್ಲಿ ಕುಡಿತ ಕೂಡದು. ಹೆಸರಿನ ಅರ್ಥ ಮಾತ್ರ ಧಾರಾಳವಾಗಿ ಕೇಳಿ. ಮನೆಯಲ್ಲಿ ಎಷ್ಟನೆಯ ಮಗು ಅನ್ನುವುದು ರವಾಂಗ್ ಹೆಸರಿನಲ್ಲೇ ಇರುತ್ತದೆ, ಅಲ್ಲಿಂದ ಅಕ್ಕ, ತಮ್ಮ, ಊರು ಎಲ್ಲದರ ಮಾತು ತಾನಾಗಿ ಬರುತ್ತದೆ. ಕ್ರಿಸ್‌ಮಸ್‌ಗೆ ಕರೆದರೆ ಖಂಡಿತ ಹೋಗಿ. ಹಾಡು ಮುಗಿಯುವವರೆಗೂ ಇರಿ.